ನೀರು ಬಿಡಾಂವ

ಎಂಟು ದಿನಕ್ಕೊಮ್ಮೆ ಬರತಿದ್ದೆ ಬಾಯ್ಲರ್ ಓಣಿಗೆ
ಹೆಗಲಮ್ಯಾಲ ನನ್ನಷ್ಟ ಎತ್ತರದ ಕಬ್ಬಿಣದ ಕೀಲಿ ಹೊತ್ತು.
ರಾತ್ರಿ ಎರಡಾಗಿರಲಿ, ನಾಯಿ ಬೊಗಳೂ ಮೊದ್ಲ
ಕೊಡದ ಸಪ್ಪಳ ಆಗತಿತ್ತು.

ಅವರ ಅಜ್ಜಗೋಳು ಹುಬ್ಬಳ್ಳಿ ವರ್ಕ್‌ಶಾಪಿಗೆ ಬಂದವರು,
ಶ್ರೀಕಾಕುಳದಿಂದ, ವೆಲ್ಲೂರಿಂದ, ಒಂದೊಂದ ಟ್ರಂಕು.
ವಾಪಸ್ ಟಿಕೀಟು ಯಾರೂ ತಗಿಸಿದ್ದಿಲ್ಲ.

ಪಾಳಿ ಹಿಡಿಯಾಕ
ಅಪ್ಪಲನರಸಮ್ಮ ಒಂದು ಒಡಕ ಬಕೀಟು ಇಡಾಕಿ,
ಅಂಥೋಣಿ ಹೆಂಡ್ತಿ ಒಂದು ಇಟ್ಟಂಗಿ,
ಹಜರತಬಿ, ಸತ್ತ ಗಂಡನ ವರ್ಕ್‌ಶಾಪ್ ಬೂಟು,
ಎಡಗಾಲಿಂದು ಒಂದ.
ಆ ಬೂಟು ದಾಟಿ ಯಾರೂ ಕೊಡ ಮುಂದ ಸರಿಸಿದ್ದಿಲ್ಲ.

ತೆಲುಗಿನ್ಯಾಗ ಬೈದ್ರ ತಮಿಳಿನ್ಯಾಗ ಉತ್ತರ,
ಜಗಳ ಬಗಿಹರಿಸಾಕ ಅಷ್ಟ ಕನ್ನಡ.
ಬೈಯಾಕ ನನಗ ಈಗೂ ಐದು ಭಾಷಾ ಬರತಾವ,
ಬರಿಯಾಕ ನನ್ನ ಹೆಸರೊಂದ.

ಯಾರನ್ನೂ ಯಾರೂ ಕುತ್ತಿಗಿ ಹಿಡದು ಹೊರಗ ಹಾಕಲಿಲ್ಲ.
ಒಂದು ಮನೀಗೆ ಬಣ್ಣ ಬಂತು, ಬಾಜೂದಕ್ಕ ಗಾಜು.
ಎಂಟನೂರ ಬಾಡಿಗಿ ಒಂಬತ್ತು ಸಾವಿರ ಆತು,
ಮಾಲಕ ಕೈಮುಗದ ಕೇಳಿದ.
ನಾ ಬಂದಾಗೊಮ್ಮೆ
ಪಾಳಿಯೊಳಗ ಒಂದು ಕಲ್ಲು ಕಡಿಮಿ.

ಇಪ್ಪತ್ನಾಲ್ಕು ತಾಸು ನೀರು ಕೊಡ್ರಿ ಅಂತ
ನಲವತ್ತು ವರ್ಷ ಅರ್ಜಿ ಕೊಟ್ಟಿತ್ತು ಆ ಓಣಿ.
ನೀರು ಬಂತು.
ಅರ್ಜಿಗೆ ಹೆಬ್ಬಟ್ಟು ಒತ್ತಿದವರು ಒಬ್ಬರೂ ಇದ್ದಿಲ್ಲ.

ಸುಳ್ಳ ಯಾಕ ಹೇಳಲಿ, ನನ್ನ ಮೊಣಕಾಲಿಗೆ ಛಲೋನ ಆತು.
ವಾಲ್ವಿನ ಮ್ಯಾಲ ಈಗ ನುಣ್ಣನ ಫರಸಿ,
ಕಾಲಿಲೆ ತಡವಿದ್ರೂ ಗೊತ್ತಾಗಂಗಿಲ್ಲ ಎಲ್ಲಿತ್ತಂತ.
ಅಂಥೋಣಿ ಮನಿ ಕಾಫಿ ಅಂಗಡಿ ಆಗೇತಿ.
ರೈಲಿನ ಸ್ಲೀಪರ್ ಕಡದು ಮೇಜು ಮಾಡ್ಯಾರ,
ಗ್ವಾಡಿಗೆ ಗಾರ್ಡ್ ಹಿಡಿಯೂ ಕಂದೀಲು, ಒಳಗ ಸಣ್ಣ ಬಲ್ಬು.
ಒಂದಿನ ಹೋಗಿ ಕೈತೊಳಿಯೂ ನಳ ತಿರುವಿದೆ.
ಬಂತು. ಬರತಾನ ಇತ್ತು.
"ಅಂಕಲ್, ಬಂದ್ ಮಾಡ್ರಿ" ಅಂದ ಹುಡುಗ,
ಮೂವತ್ತು ವರ್ಷ ಬಿಡು, ಬಿಡು ಅನ್ನಿಸಿಕೊಂಡಾಂವಗ.

ಹಜರತಬಿ ಗಬ್ಬೂರ ಬೈಪಾಸಿನ ಆಚೆ ಅದಾಳ.
ಅಲ್ಲಿ ಟ್ಯಾಂಕರ್ ಬರತೈತಿ, ದಿನಾ ಬಿಟ್ಟು ದಿನಾ.
ಬೂಟು ಒಯ್ದಾಳ. ಪಾಳಿಗೆ ಇಡತಾಳ.
ಹೊಸಾ ಮಂದಿ, ಅವರಿಗೇನ ಗೊತ್ತು,
ಕಾಲಿಲೆ ಬಾಜೂ ಸರಿಸತಾರಂತ.
"ಕಸ ಅನಕೊಂಡಿರಬೇಕ ಬಿಡೋ" ಅಂದ್ಲು.
ಚಾ ಆರೂತನಕಾ ಸುಮ್ಮನಿದ್ದು
"ನಿನ್ನ ಕೀಲಿ ಇನ್ನೂ ಐತೇನು?"
ಐತಿ. ಬಾಗಲದ ಹಿಂದ.
ಈಗ ನನಗಿಂತ ನಾಲ್ಕ ಬೆರಳು ಎತ್ತರ.