ಬುಡಕ್ಕೆ ನೀರು

ಮುಚ್ಚಿದ್ದಾಗ ಅದರಷ್ಟು ಸಾಧು ಇನ್ನೊಂದಿಲ್ಲ.
ಮೂತಿಯಿಂದ ಒಂದು ಹನಿ ಬೀಳದು.
ತೆರೆದರೆ ಮಾತ್ರ, ಅದೂ ಎಡಕ್ಕೆ ಹೊರಳಿಸಿದರೆ ಮಾತ್ರ
ಬುಡದಲ್ಲಿ ಬೆವರುತ್ತದೆ
ಸುಳ್ಳು ಹೇಳುವವನ ಹಣೆಯ ಹಾಗೆ.

ಮೂರು ತಿಂಗಳು ಬಟ್ಟೆ ಸುತ್ತಿ ಸುತ್ತಿ ನೋಡಿದೆ.
ಹಳೆಯ ಕಾಲುಚೀಲ. ಆಮೇಲೆ ಅದರ ಜೋಡಿ.
ರೀಗಾ ಪಟ್ಟಣದ ಅಂಚು, ಬೊಲ್ಡೆರಾಯ,
ಐದು ಅಂತಸ್ತಿನ ಬೂದು ಕಟ್ಟಡದಲ್ಲಿ ನನ್ನದು ನಾಲ್ಕನೆಯದು.
ಪ್ಲಂಬರ್ ಗುರುವಾರ ಬರುತ್ತೇನೆ ಅಂದ.
ಯಾವ ಗುರುವಾರ ಅಂತ ಹೇಳಲಿಲ್ಲ.

ಸಿಂಕಿನ ಕೆಳಗಿನ ಹಲಗೆ ನೆನೆದ ಬ್ರೆಡ್ಡಿನಂತೆ ಉಬ್ಬಿತ್ತು,
ಆಲೂಗಡ್ಡೆ ಚೀಲದೊಳಗೇ ಬಿಳಿ ಮೊಳಕೆ ಬಿಟ್ಟಿತ್ತು.
ನೋಡಿದೆ, ಕಪಾಟಿನ ಬಾಗಿಲು ಹಾಕಿದೆ.
ಟ್ರಾಲಿಬಸ್ಸಿನಲ್ಲಿ ದಿನವಿಡೀ ಟಿಕೇಟು ಕೇಳುವವಳಿಗೆ
ಮನೆಯಲ್ಲೂ ತಪಾಸಣೆ ಬೇಡವಾಗಿತ್ತು.

ನನ್ನ ಬುಡಕ್ಕೆ ನೀರು ಬಂದದ್ದು
ಕೆಳಮನೆಯವನು ಬಾಗಿಲು ಬಡಿದಾಗ.
ರೋದಿಯೋನ್ ಕುಜ್ಮಿಚ್, ಹಡಗು ರಿಪೇರಿಯಿಂದ ನಿವೃತ್ತ.
ಹನ್ನೊಂದು ವರ್ಷ ಮೆಟ್ಟಿಲ ಮೇಲೆ ತಲೆಯಾಡಿಸಿದ್ದು ಬಿಟ್ಟರೆ
ನಮ್ಮ ನಡುವೆ ಮಾತಿಲ್ಲ.
ಅವನದು ರಷ್ಯನ್, ನನ್ನದು ಲಾಟ್ವಿಯನ್,
ಒಬ್ಬರದು ಇನ್ನೊಬ್ಬರಿಗೆ ಚೆನ್ನಾಗಿ ಬರುತ್ತಿತ್ತು;
ಅದೇ ತೊಂದರೆ.

ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಚಿಲಕ ತೆಗೆದೆ.
ಅವನ ಕೈಯಲ್ಲಿ ಮೀನಿನ ಹಳೆಯ ಡಬ್ಬಿ,
ಅದರೊಳಗೆ ಕರಿ ರಬ್ಬರಿನ ಉಂಗುರಗಳು
ಕಿರಿದರಿಂದ ಹಿರಿದಕ್ಕೆ, ದಾರಕ್ಕೆ ಪೋಣಿಸಿದ್ದವು.
"ಪ್ರೊಕ್ಲಾದ್ಕಾ," ಅಂದ.
"ಬ್ಲೀವೆ," ಅಂದೆ, ಬರೀ ಮೊಂಡುತನಕ್ಕೆ.

ಕೆಲಸ ಅವನು ಮಾಡಲಿಲ್ಲ. ಬೆರಳು ನಡುಗುತ್ತವೆ.
ಸ್ಟೂಲಿನ ಮೇಲೆ ಕೂತು ಹೇಳಿದ, ನಾನು ಮಾಡಿದೆ:
ಕೆಳಗಿನ ಎರಡೂ ವಾಲ್ವ್ ಮುಚ್ಚಿ. ಈಗ ನಲ್ಲಿ ತೆರೆಯಿರಿ,
ಒಳಗುಳಿದ ಉಸಿರು ಹೋಗಲಿ.
ಸಿಂಕಿನ ಬಾಯಿಗೆ ಚಿಂದಿ ತುರುಕಿ,
ತಿರುಪು ಜಾರಿದರೆ ಸಮುದ್ರಕ್ಕೇ ಅದು.

ಹಿಡಿಕೆಯ ಕೆಂಪು-ನೀಲಿ ಬೊಟ್ಟನ್ನು ಉಗುರಲ್ಲಿ ಎಬ್ಬಿಸಿದೆ;
ಅದರ ಹಿಂದೆ ಎಳ್ಳಿನಷ್ಟು ತಿರುಪು.
ಹಿಡಿಕೆ, ಟೊಪ್ಪಿಗೆ, ಹಿತ್ತಾಳೆಯ ಬಳೆ, ಒಳಗಿನ ಗುಂಡಿಗೆ
ನಿನ್ನೆಯ ಪೇಪರಿನ ಮೇಲೆ, ಬಿಚ್ಚಿದ ಸಾಲಿನಲ್ಲೇ.
ಮೂತಿ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ.
"ಎಳೀಬೇಡ," ಅಂದ, "ತಿರುಗಿಸುತ್ತಾ ಎತ್ತು,
ಮಲಗಿದ ಮಗುವಿನ ತಲೆಯಡಿಯಿಂದ
ತೋಳು ತೆಗೀತಾರಲ್ಲ, ಹಾಗೆ."
ಇದಷ್ಟನ್ನು ನನ್ನ ಭಾಷೆಯಲ್ಲಿ ಹೇಳಿದ್ದ.
ವ್ಯಾಕರಣ ತಪ್ಪಿತ್ತು. ತಿದ್ದಲಿಲ್ಲ.

ಬಂತು.
ಸುಣ್ಣ ಕಟ್ಟಿದ ಕೊರಳಿಗೆ ಎರಡು ಉಂಗುರ.
ಮೇಲಿನದು ಹಾಗೇ ಇದೆ. ಕೆಳಗಿನದು ಒಂದೇ ಬದಿಯಲ್ಲಿ
ಕತ್ತರಿಸಿದ ಉಗುರಿನಷ್ಟು ಸವೆದಿದೆ.
ಯಾಕೆ ಎಡಕ್ಕೇ? ಅಂತ ಕೇಳಿದ.
ಪಾತ್ರೆ ಒಣಗುವ ಚೌಕಟ್ಟು ಎಡಕ್ಕಿದೆ, ಅದಕ್ಕೆ.
ಚೌಕಟ್ಟು ಯಾಕೆ ಎಡಕ್ಕಿದೆ?
ಉತ್ತರ ನನ್ನಲ್ಲಿರಲಿಲ್ಲ.

ವಿನೆಗರ್ ಹಚ್ಚಿ ಉಜ್ಜಿದೆ, ಸುಣ್ಣ ಬುರುಗೆದ್ದು ಬಿಟ್ಟುಕೊಂಡಿತು.
ಅವನು ದಾರದಿಂದ ನೋಡದೆಯೇ ಒಂದನ್ನು ಬಿಡಿಸಿ ಕೊಟ್ಟ.
ಸರಿಯಾಗಿ ಕೂತಿತು. ಕೂರದೆ ಏನು,
ಈ ಕಟ್ಟಡಕ್ಕೆಲ್ಲ ಒಂದೇ ಲಾಟಿನ ನಲ್ಲಿಗಳು,
ಅವನದೂ ಒಮ್ಮೆ ಅತ್ತು ಸುಮ್ಮನಾದದ್ದೇ.
ಗ್ರೀಸ್ ಸವರಿದೆ, ಬಂದ ದಾರಿಯಲ್ಲೇ ಹಿಂದಕ್ಕೆ ಜೋಡಿಸಿದೆ.
ಒಂದು ವಾಷರ್ ಮಿಕ್ಕಿತು. ಮತ್ತೆ ಬಿಚ್ಚಿದೆ.

ನೀರು ಬಿಟ್ಟಾಗ ಬುಡದ ಸುತ್ತ ಬೆರಳಾಡಿಸಿ
ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಒಣಗಿತ್ತು.
"ನಿಮ್ಮ ಚಾವಣಿ?" ಅಂದೆ.
"ಕಲೆ ಇದೆ. ಅಡಿಗೆ ಬೋಗುಣಿ ಇದೆ."
"ಮೂರು ತಿಂಗಳು ಯಾಕೆ ಸುಮ್ಮನಿದ್ದಿರಿ?"
"ಮೇಲಿನವರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

ಸವೆದ ಉಂಗುರವನ್ನು ಮತ್ತೆ ದಾರಕ್ಕೇ ಪೋಣಿಸಿಕೊಂಡು ಹೋದ,
ಅಳತೆಗೆ ಬೇಕಂತೆ.

ಆ ರಾತ್ರಿ ಚೌಕಟ್ಟನ್ನು ಬಲಕ್ಕಿಟ್ಟೆ.
ವಾರವಾಯಿತು,
ತೊಳೆದ ತಟ್ಟೆ ಹಿಡಿದ ಕೈ
ಇನ್ನೂ ಎಡಕ್ಕೇ ಹೋಗುತ್ತದೆ,
ಗಾಳಿಯಲ್ಲಿ ನಿಲ್ಲುತ್ತದೆ.