ಐವತ್ತರ ಮುಂದಿನ ಚುಕ್ಕೆ

ಮೊನ್ನೆಮೊನ್ನೆಯವರೆಗೆ
ಕಬ್ಬಿಣದ ವಾಸನೆಯಿಲ್ಲದ ಅಂಗಿಯನ್ನು ನಾನು ಒಗೆದೇ ಇರಲಿಲ್ಲ.
ಇನ್ಯಾಶಿಯೊನ ಜೇಬಿನಿಂದ ಉದುರಿದ ಲೋಹದ ಸಿಪ್ಪೆ
ಸುರುಳಿ ಸುರುಳಿಯಾಗಿ
ವಾಷಿಂಗ್ ಮೆಷೀನಿನ ಜಾಲರಿಯಲ್ಲಿ ಸಿಕ್ಕಿ ಮಿನುಗುತ್ತಿತ್ತು.
ಈಗ ಜೇಬಲ್ಲಿ ಪೆನ್ಸಿಲ್ಲು, ರಬ್ಬರು,
ನಾಲ್ಕಾಗಿ ಮಡಚಿದ ಚೌಕಳಿ ಹಾಳೆ.

ಐವತ್ತೆರಡಕ್ಕೆ ಶಾಲೆ.
ಎಲ್ಗೊಯ್ಬಾರಿನ ಕಾರ್ಖಾನೆ ಬಾಗಿಲು ಹಾಕಿಕೊಂಡ ಮೇಲೆ
ಸರಕಾರ ಕೊಟ್ಟ ಬೆಂಚು.
ಪಕ್ಕದಲ್ಲಿ ಹತ್ತೊಂಬತ್ತರ ಇಲಿಂಕಾ, ರೊಮೇನಿಯಾದ ಹುಡುಗಿ,
ಬಟಾಣಿ ಸುಲಿದಂತೆ ಸರಸರ ಟೈಪು ಮಾಡುತ್ತಾಳಂತೆ.
ಇವನದು ಒಂದೇ ಬೆರಳು,
ಕೋಳಿ ಕಾಳು ಹೆಕ್ಕಿದ ಹಾಗೆ.

ಮೂವತ್ತು ವರ್ಷ ಲೇತಿನ ಚಕ್ರ ತಿರುಗಿಸಿದ ಕೈ ಅದು.
ಹೆಬ್ಬೆರಳಲ್ಲಿ ಸವರಿ ಹೇಳುತ್ತಿದ್ದ,
ಮಿಲಿಮೀಟರಿನ ನೂರರಲ್ಲಿ ಎರಡು ಪಾಲು ಇನ್ನೂ ಹೋಗಬೇಕು ಎಂದು.
ಅಳತೆಗೋಲು ಆಮೇಲೆ ಬಂದು ಹೌದೆನ್ನುತ್ತಿತ್ತು.
ಈಗ ಯಂತ್ರಕ್ಕೆ ಗಾಜಿನ ಬಾಗಿಲು.
ಒಳಗೆ ಹಾಲುಬಣ್ಣದ ನೀರು ಸುರಿಯುತ್ತದೆ,
ಉಳಿ ತಾನೇ ತಾನಾಗಿ ನಡೆಯುತ್ತದೆ,
ಹೊರಗೆ ಎರಡು ಕೈ
ಆಸ್ಪತ್ರೆಯ ವರಾಂಡದಲ್ಲಿ ಕೂತ ನೆಂಟರ ಹಾಗೆ.

"ಮೊದಲು ಸೊನ್ನೆ ಎಲ್ಲಿದೆ ಅಂತ ಹೇಳಬೇಕು ಅದಕ್ಕೆ."
ಊಟದ ಮೇಜಿನ ಮೇಲೆ ಚೀಸಿನ ತುಂಡಿಟ್ಟು
ಮೂಲೆ ಮುಟ್ಟಿ ತೋರಿಸಿದ.
"ಇಲ್ಲಿ ಅಂದರೆ ಇಲ್ಲಿ. ಅದು ಹುಡುಕೋದಿಲ್ಲ, ನಂಬುತ್ತೆ."
ನಾನು ಆ ಮೂಲೆಯನ್ನೇ ಕತ್ತರಿಸಿ ತಿಂದೆ.

ಒಂದು ಗುರುವಾರ ಬಂದವನು ಊಟ ಬೇಡವೆಂದ.

ಐವತ್ತು ಮಿಲಿಮೀಟರು ಮೇಲೇಳು ಎಂದು ಬರೆಯಬೇಕಿತ್ತು.
ಐವತ್ತು ಬರೆದ. ಮುಂದೆ ಒಂದು ಚುಕ್ಕೆ ಇಡಬೇಕಿತ್ತು.
ಇಡಲಿಲ್ಲ.
ಆ ಶಾಲೆಯ ಹಳೇ ಯಂತ್ರಕ್ಕೆ ಚುಕ್ಕೆಯಿಲ್ಲದ ಐವತ್ತೆಂದರೆ
ಸಾವಿರದಲ್ಲಿ ಐವತ್ತು ಪಾಲು,
ಒಂದು ತಲೆಗೂದಲಿನ ದಪ್ಪ.
ಕೂದಲಷ್ಟೇ ಎದ್ದಿತು ಉಳಿ,
ಪೂರಾ ಎದ್ದೆನೆಂದುಕೊಂಡು ಅಡ್ಡಕ್ಕೆ ಓಡಿತು,
ನೆಟ್ಟಗೆ ಹೋಗಿ ಉಕ್ಕಿನ ಹಿಡಿಕಟ್ಟಿಗೆ.

ಸದ್ದು ಹೇಗಿತ್ತು, ಕೇಳಿದೆ. ಹೇಳಲಿಲ್ಲ.
ಈ ಮೊದಲು ಮುರಿದಿಲ್ಲವೆಂದಲ್ಲ,
ಆಗೆಲ್ಲ ಮುರಿಯುವ ಮುಂಚೆ
ಕೈಗೆ ಒಂದು ಮಾತು ಬರುತ್ತಿತ್ತು.

ಟೀಚರು ಗರಾಸಿ, ನಮ್ಮ ಮಗಳಿಗಿಂತ ಎರಡು ವರ್ಷ ಚಿಕ್ಕವಳು,
ಬೈಯಲಿಲ್ಲವಂತೆ. ಸಮಾಧಾನವನ್ನೂ ಹೇಳಲಿಲ್ಲವಂತೆ.
ಕಪಾಟಿನಿಂದ ಆಲಿವ್ ಕಾಯಿಯ ಹಳೇ ಜಾಡಿ ತಂದಿಟ್ಟಳು.
ಒಳಗೆಲ್ಲ ಮುರಿದ ತುದಿಗಳು,
ಒಂದೊಂದಕ್ಕೂ ಹೆಸರು, ತಾರೀಖಿನ ಚೀಟಿ.
ಎಲ್ಲಕ್ಕಿಂತ ತಳದ್ದಕ್ಕೆ ಅವಳದೇ ಹೆಸರು.
"ಇದೂ ಚುಕ್ಕೆಯೇ?" ಇವನು ಕೇಳಿದ್ದಾನೆ.
"ಅಲ್ಲ. ನನ್ನದು ಮೈನಸ್."
ಇಲಿಂಕಾ ಕೈ ಹಾಕಿ ತನ್ನದನ್ನು ಹುಡುಕಿದಳು,
ಎರಡು ಸಿಕ್ಕವು.
ಚೀಟಿಗೆ ಹೆಸರು ಬರೆಯುವಾಗ ಇವನ ಕೈ ನಡುಗಿತೋ ಏನೋ,
ಅದನ್ನು ನನಗೆ ಹೇಳಿದವರಿಲ್ಲ.

ಶನಿವಾರ ದೇಬಾ ನದಿಯ ದಂಡೆಯಲ್ಲಿ ನಡೆದೆವು.
ಮುಚ್ಚಿದ ಕಾರ್ಖಾನೆಯ ಕಿಟಕಿಗಳನ್ನು ಅವನು ನೋಡಲಿಲ್ಲ,
ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆಯೇನೋ ಅಂದುಕೊಂಡೆ.
ಎಕ್ಸು ಇಷ್ಟು, ಜೆಡ್ಡು ಇಷ್ಟು.

ಆಮೇಲೊಂದು ದಿನ ಇಲಿಂಕಾ ಕೇಳಿದಳಂತೆ,
ಉಳಿ ಮೊಂಡಾಗಿದೆ ಎಂದು
ಪರದೆಗೆ ಗೊತ್ತಾಗುವ ಮೊದಲು ನಿಮಗೆ ಹೇಗೆ ಗೊತ್ತಾಯಿತು?
ಬಾಗಿಲ ಗಾಜಿಗೆ ಅಂಗೈ ಒತ್ತಿಸಿ ನಿಲ್ಲಿಸಿದ್ದಾನೆ ಅವಳನ್ನು.
ಏನೂ ಗೊತ್ತಾಗಲಿಲ್ಲ ಅಂದಳು.
ನಾಳೆಯೂ ಇಡು ಅಂದ.

ಇವತ್ತು ಫ್ರಿಜ್ಜಿನ ಮೇಲೆ ಅವನ ಚೀಟಿ:
ಮೊಟ್ಟೆ ೧೨.
ಈರುಳ್ಳಿ ೩.
ಬಸ್ಸು ೭. ಕ್ಕೆ, ತಡವಾಗುತ್ತೆ.
ಅಂಕಿ ಅಂಕಿಯ ಮುಂದೂ ಚುಕ್ಕೆ,
ಹಾಳೆ ತೂತಾಗುವಷ್ಟು ಒತ್ತಿ.

ಅಂಗಡಿಯಲ್ಲಿ ನಿಂತು
ಮೊಟ್ಟೆಗಳನ್ನು ಎರಡು ಸಲ ಎಣಿಸಿದೆ.