ಹದಿಮೂರೆಂಟ್ಲೆ

ಬ್ಯಾಲರಾಟಿನ ಜುಲೈ. ಕೆರೆಯ ಮೇಲಿನ ಮಂಜು
ಸ್ಟರ್ಟ್ ಬೀದಿ ದಾಟಿ ಬಂದು
ಕ್ಲಿನಿಕ್ಕಿನ ಗಾಜಿಗೆ ಮೂಗೊತ್ತಿ ನಿಂತಿದೆ.
ಒಳಗೆ ಬೆಂಚಿನ ಮೇಲೆ ಹನ್ನೆರಡು ಮಕ್ಕಳು, ಒಬ್ಬ ಪ್ಯಾಸ್ಕೋ ಮಾಸ್ತರು,
ಅಂಗಿಯ ತೋಳು ಮಡಿಚಿ, ಸರದಿ ಕಾಯುತ್ತ.
ಸೆಪ್ಟೆಂಬರ್ ರಜೆಗೆ ಕಾಂಬೋಡಿಯಾ. ಎರಡು ವಾರ. ಸೇವೆ.
ಟೈಫಾಯ್ಡಿಗೊಂದು, ಕಾಮಾಲೆಗೊಂದು:
ಹದಿಮೂರೆರಡ್ಲೆ ಇಪ್ಪತ್ತಾರು ಸೂಜಿ.

ನಾಲ್ಕು ತಿಂಗಳು, ಶನಿವಾರ ಶನಿವಾರ,
ಹಾರ್ಡ್‌ವೇರ್ ಅಂಗಡಿಯ ಮುಂದೆ ಚಳಿಗೆ ಕಾಲು ಬದಲಿಸುತ್ತ
ಬಿಳಿ ಬ್ರೆಡ್ಡಿನಲ್ಲಿ ಸಾಸೇಜು ಸುತ್ತಿ ಮಾರಿದವರು ಇವರು.
ಒಮ್ಮೆ ನಾನೂ ಹೋಗಿದ್ದೆ. ಬರೀ ಈರುಳ್ಳಿ ಸಾಕು ಅಂದದ್ದಕ್ಕೆ
ಕಕ್ಕಾಬಿಕ್ಕಿಯಾದ ಹುಡುಗಿ ದುಡ್ಡೇ ಬೇಡವೆಂದಿದ್ದಳು.
ಅವಳದೇ ಈಗ ಮೊದಲ ಸರದಿ. ಟೀಗನ್ ಟ್ರೆಂಬತ್. ಹದಿನಾರು.
ಮುಂಗೈ ಮೇಲೆ ಸಿಡಿದ ಎಣ್ಣೆಯ ಕಲೆ ಇನ್ನೂ ಮಾಸಿಲ್ಲ.

"ಅಲ್ಲಿ ಏನು ಮಾಡ್ತೀರಿ?"
ಸೂಜಿ ಕಾಣದ ಹಾಗೆ ಮಾತಿಗೆಳೆಯುವುದು ನನ್ನ ಕಸುಬು.
"ಶಾಲೆಯ ಗೋಡೆಗೆ ಬಣ್ಣ."
"ಈಗ ಆ ಗೋಡೆ ಮೇಲೆ ಏನಿದೆ?"
ಯೋಚಿಸಿದಳು. ಪಾಪ, ನಿಜವಾಗಿಯೂ ಯೋಚಿಸಿದಳು.
"ಖಾಲಿ ಇರಬೇಕು."
ಚುಚ್ಚಿದೆ.

ಕುಷ್ಟಗಿಯಿಂದ ಆಚೆ, ನಮ್ಮೂರ ಶಾಲೆಯ ಗೋಡೆ ಖಾಲಿ ಇರಲಿಲ್ಲ.
ನೀಲಮ್ಮ ಅಕ್ಕೋರು ಬೇಸಿಗೆ ರಜೆಯಲ್ಲಿ
ಚಾದಂಗಡಿಯ ಬೆಂಚು ಕಡ ತಂದು, ಅದರ ಮೇಲೆ ನಿಂತು,
ಕೆಮ್ಮಣ್ಣು ಕಲಸಿ ಬರೆದಿದ್ದರು
ಹನ್ನೊಂದರಿಂದ ಇಪ್ಪತ್ತರ ತನಕ ಮಗ್ಗಿ.
ಹದಿನೇಳರ ಹತ್ತಿರ ಬೆಂಚಿನ ಕಾಲು ಮುರಿದು
ಕೆಂಪು ಗೀರೊಂದು ನೆಲದ ತನಕ ಇಳಿದಿತ್ತು.
ಅಳಿಸಿರಲಿಲ್ಲ. ಅದೂ ಮಗ್ಗಿಯದೇ ಭಾಗವೆಂದು ನಾವು ತಿಳಿದಿದ್ದೆವು.

ಆಮೇಲೆ ವ್ಯಾನಿನಲ್ಲಿ ಅವರು ಬಂದರು. ಯಾವ ದೇಶದವರೋ,
ನಮಗೆ ಬೆಳ್ಳಗಿದ್ದವರೆಲ್ಲ ಲಂಡನ್ನಿನವರೇ.
ಒಂದು ಶನಿವಾರ, ಒಂದು ಭಾನುವಾರ.
ಬೆರಳಿಡಲು ಜಾಗ ಬಿಡದೆ ಗೋಡೆ ತುಂಬ ಚಿಟ್ಟೆ.
ನಾವು ಕುಣಿದೆವು. ಸುಳ್ಳೇಕೆ,
ಅಂಥ ನೀಲಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.
ಅಕ್ಕೋರು ಸೆರಗೆಳೆದುಕೊಂಡು ಫೋಟೋಕ್ಕೆ ನಿಂತರು.
ಅವರಲ್ಲೊಬ್ಬ ಉದ್ದನೆಯ ಹುಡುಗ
ನಮ್ಮ ನೀರು ಕುಡಿದು ಮಲಗಿಬಿಟ್ಟ.
ಅವ್ವ ಅವನಿಗೆ ಉಪ್ಪು ಸಕ್ಕರೆ ನೀರು ಕುಡಿಸಿದಳು ಗುಟುಕು ಗುಟುಕಾಗಿ;
ನನ್ನ ಪಾಲಿಗೆ ಬೀಸಣಿಗೆ.
ರಾತ್ರಿಯಿಡೀ ಅವನು ಕರೆದದ್ದು ತನ್ನ ಅವ್ವನನ್ನೆಂದು
ಭಾಷೆ ಬರದೆಯೂ ತಿಳಿಯಿತು ನಮಗೆ.

ಸೋಮವಾರ. ಹಿಂದಿನ ವಾರ ಹದಿಮೂರೇಳ್ಲೆಗೆ ನಿಂತಿದ್ದೆವು.
ಅಕ್ಕೋರು ಗೋಡೆಗೆ ತಿರುಗಿದರು.
ಬಹಳ ಹೊತ್ತು ತಿರುಗಿಯೇ ಇದ್ದರು.
ಆಮೇಲೆ ಬೆತ್ತ ಎತ್ತಿ
ನೀಲಿ ಚಿಟ್ಟೆಯ ಎಡರೆಕ್ಕೆಯ ಹಳದಿ ಚುಕ್ಕೆಗೆ ತಾಗಿಸಿ
"ಹದಿಮೂರೆಂಟ್ಲೆ ಇಲ್ಲೈತಿ. ಹೇಳ್ರಿ," ಅಂದರು.
ಹೇಳಿದೆವು.

ಟೀಗನ್ ಹತ್ತಿ ಒತ್ತಿಕೊಂಡು ಇನ್ನೂ ಕೂತಿದ್ದಾಳೆ.
"ನೀವು ಹೋಗಿದ್ದೀರಾ, ಅಂಥ ಕಡೆ?"
"ಹೋಗಿದ್ದೆ," ಅಂದೆ. "ಹತ್ತೊಂಬತ್ತು ವರ್ಷ ಇದ್ದೆ."
ಅವಳ ಕಿವಿ ಮೆಲ್ಲಗೆ ಕೆಂಪಾಗುವುದನ್ನು ನೋಡಿ
ಹಾಗೆ ಹೇಳಬಾರದಿತ್ತು ಅನ್ನಿಸಿತು.
ಬಾಗಿಲಲ್ಲಿ ತಿರುಗಿ ಕೇಳಿದಳು:
"ಅಲ್ಲಿ ಗೋಡೆ ಮೇಲೆ ಏನಿತ್ತು?"

ದಾರಿಗೆಂದು ಉಪ್ಪು ಸಕ್ಕರೆ ಪುಡಿಯ ಪೊಟ್ಟಣ, ತಲೆಗೆ ಎಂಟು.
ಹದಿಮೂರೆಂಟ್ಲೆ...
ಮೊದಲು ನೀಲಿ ಬರುತ್ತದೆ.
ಆಮೇಲೆ ಹಳದಿ ಚುಕ್ಕೆ.
ಅದರ ಅಡಿಯಲ್ಲೆಲ್ಲೋ ಕೆಮ್ಮಣ್ಣಿನ ನೂರ ನಾಲ್ಕು.
ಡಬ್ಬಿಯಲ್ಲಿ ಇರುವುದು ನೂರು.
ಸಾಕು ಬಿಡಿ, ಅನ್ನುತ್ತಾರೆ ಪ್ಯಾಸ್ಕೋ ಮಾಸ್ತರು.
ಆ ಉದ್ದನೆಯ ಹುಡುಗನನ್ನು ನೆನೆದು
ಸಾಲದು ಅನ್ನುತ್ತೇನೆ,
ಒಳಗೆ ಹೋಗಿ ಇನ್ನೂ ನಾಲ್ಕು ಹುಡುಕುತ್ತೇನೆ.